ಘಟ್ಟ ಹತ್ತಿ ಬಂದ ಮಾದರಿಗಳು: ಹಾಸನ ಸೀಮೆಯಲ್ಲಿ ರೋಗಪರೀಕ್ಷೆಯ ಚರಿತ್ರೆ

2020ರ ಮಾರ್ಚ್ ತಿಂಗಳ ಕೊನೆಯ ವಾರ ದೇಶವೇ ಬಾಗಿಲು ಮುಚ್ಚಿಕೊಂಡಿತ್ತು. ಮಂಗಳೂರಿನಿಂದ ಶಿರಾಡಿ ಘಾಟಿಯನ್ನೇರಿ, ಸಕಲೇಶಪುರ, ಬಾಳ್ಳುಪೇಟೆ, ಪಾಳ್ಯಗಳ ಮಾರ್ಗವಾಗಿ ಹಾಸನವನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಗಲಿರುಳೂ ಕೇಳಿಸುತ್ತಿದ್ದ ವಾಹನಗಳ ಸದ್ದು ಬಹುಮಟ್ಟಿಗೆ ಅಡಗಿತ್ತು. ಆ ದಿನಗಳಲ್ಲಿ ಘಟ್ಟ ಹತ್ತಿ ಬರುತ್ತಿದ್ದ ಕೆಲವೇ ವಾಹನಗಳ ಪೈಕಿ ದಕ್ಷಿಣ ಕನ್ನಡದ ಆಸ್ಪತ್ರೆಗಳಿಂದ ಹೊರಟವೂ ಇದ್ದವು. ಅವು ಹೊತ್ತು ತರುತ್ತಿದ್ದುದು ತಂಪುಪೆಟ್ಟಿಗೆಗಳನ್ನು. ಪೆಟ್ಟಿಗೆಯೊಳಗೆ ಗಂಟಲ ದ್ರವದ ಸಣ್ಣ ಕೊಳವೆಗಳು. ದುಬೈಯಿಂದಲೋ ಸೌದಿಯಿಂದಲೋ ಮರಳಿ ಬಂದು ಕರಾವಳಿಯ ಯಾವುದೋ ಆಸ್ಪತ್ರೆಯ ಕೊಠಡಿಯಲ್ಲಿ ಒಂಟಿಯಾಗಿ ಕುಳಿತವರ, ಅವರನ್ನು ಮುಟ್ಟಿದ ಮನೆಮಂದಿಯ ಭವಿಷ್ಯ ಆ ಕೊಳವೆಗಳಲ್ಲಿತ್ತು. ಅವರ ಫಲಿತಾಂಶ ನಿರ್ಧಾರವಾಗುತ್ತಿದ್ದುದು ಮಂಗಳೂರಿನಲ್ಲಲ್ಲ, ಹಾಸನದಲ್ಲಿ.

ಮಾರ್ಚ್ ನಡುವಿನ ಹೊತ್ತಿಗೆ ಇಡೀ ಕರ್ನಾಟಕದಲ್ಲಿ ಕೋವಿಡ್ ಪರೀಕ್ಷೆಗೆ ಸಜ್ಜಾಗಿದ್ದ ಪ್ರಯೋಗಾಲಯಗಳು ಐದೇ ಐದು. ಬೆಂಗಳೂರು ವೈದ್ಯಕೀಯ ಕಾಲೇಜು, ಅದೇ ನಗರದಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ, ಮೈಸೂರು ವೈದ್ಯಕೀಯ ಕಾಲೇಜು, ಶಿವಮೊಗ್ಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಖಾಸಗಿ ವೈದ್ಯಕೀಯ ಕಾಲೇಜುಗಳು ಒಂದರ ಪಕ್ಕದಲ್ಲೊಂದು ನಿಂತಿರುವ ಮಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಅಲ್ಲಿನ ವೆನ್‌ಲಾಕ್ ಆಸ್ಪತ್ರೆಯಲ್ಲಿ ಪರೀಕ್ಷೆ ಆರಂಭವಾದುದು ಏಪ್ರಿಲ್‌ನಲ್ಲಿ. ಚಿಕಿತ್ಸೆಗಾಗಿ ಹಾಸನದವರು ಘಟ್ಟವಿಳಿದು ಮಂಗಳೂರಿಗೆ ಹೋಗುವುದು ರೂಢಿ. ಈ ಬಾರಿ ಮಾತ್ರ ದಾರಿ ತಿರುಗಿತ್ತು.

ಹೈದರಾಬಾದ್ ಕರ್ನಾಟಕದ ಪಾಡು ಇದಕ್ಕಿಂತ ಕಠಿಣವಾಗಿತ್ತು. ಈ ಕಾಯಿಲೆಗೆ ಭಾರತದಲ್ಲಿ ಬಲಿಯಾದ ಮೊದಲ ವ್ಯಕ್ತಿ ಕಲಬುರಗಿಯವರು; ಸೌದಿ ಅರೇಬಿಯಾದಿಂದ ಮರಳಿದ್ದ ವೃದ್ಧರು. ಅವರ ಮಾದರಿಯನ್ನು ಪರೀಕ್ಷಿಸಲು ಕಲಬುರಗಿಯಲ್ಲಿ ಸೌಲಭ್ಯವಿರದೆ ಅದು ಬೆಂಗಳೂರಿಗೆ ಹೋಯಿತು. ಅವರು ತೀರಿಕೊಂಡದ್ದು ಮಾರ್ಚ್ 10ರಂದು. ಸೋಂಕು ದೃಢಪಟ್ಟದ್ದು ಮಾರ್ಚ್ 12ರಂದು. ನಡುವಿನ ಎರಡು ದಿನಗಳಲ್ಲಿ ಮಯ್ಯಿತನ್ನು ಸ್ನಾನ ಮಾಡಿಸುವುದು, ಕಫನ್ ತೊಡಿಸುವುದು, ಜನಾಝಾಕ್ಕೆ ಸೇರುವುದು, ಸಾಂತ್ವನಕ್ಕೆಂದು ಬರುವುದು ಎಲ್ಲವೂ ಯಾವ ಮನೆಯಲ್ಲೂ ನಡೆಯುವಂಥದೇ. ಗೊತ್ತಿರದವರನ್ನು ದೂಷಿಸುವಂತಿಲ್ಲ. ಗೊತ್ತುಮಾಡಿಕೊಡುವ ಯಂತ್ರ ಐನೂರು ಕಿಲೋಮೀಟರಿಗೂ ದೂರದಲ್ಲಿತ್ತು.

ಹಾಗಾದರೆ ಕಾಫಿ, ಏಲಕ್ಕಿ, ಆಲೂಗಡ್ಡೆಗಳ ಹಾಸನ ಜಿಲ್ಲೆಗೆ ಈ ಸೌಲಭ್ಯ ಮೊದಲೇ ದಕ್ಕಿದ್ದು ಹೇಗೆ? ಉತ್ತರ 2020ರಲ್ಲಿಲ್ಲ. ಅದನ್ನು ಹುಡುಕಲು ರೋಗಪರೀಕ್ಷೆಯ ಹಳೆಯ ಕಥೆಯತ್ತ, ನೂರ ಇಪ್ಪತ್ತು ವರ್ಷಗಳ ಹಿಂದಿನ ಪ್ಲೇಗಿನ ಕಾಲಕ್ಕೆ ಹೋಗಬೇಕಾಗುತ್ತದೆ.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಪ್ಲೇಗಿನ ರೋಗಾಣುವನ್ನು ಗುರುತಿಸಿದ್ದರು. 1896ರಲ್ಲಿ ಆ ಮಹಾಮಾರಿ ಮುಂಬೈ ತಲುಪಿತು. 1898ರ ಆಗಸ್ಟ್‌ನಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನವನ್ನು ಆವರಿಸಿತು. ಸಂಸ್ಥಾನವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ರೋಗಾಣು ಯಾವುದೆಂದು ವಿಜ್ಞಾನಕ್ಕೆ ತಿಳಿದಿತ್ತು, ನಿಜ; ಆದರೆ ಆ ತಿಳಿವು ರೈಲು ನಿಲ್ದಾಣದ ಜಗಲಿಯವರೆಗೆ ಬಂದಿರಲಿಲ್ಲ. ಅಲ್ಲಿ ಪರೀಕ್ಷೆಯೆಂದರೆ ಮೈ ಬಿಸಿಯಾಗಿದೆಯೇ, ಕಂಕುಳು ಮತ್ತು ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟಿದೆಯೇ ಎಂದು ಪರಕೀಯ ಕೈಯೊಂದು ತಡವಿ ನೋಡುವುದು. ಸಂಶಯ ಬಂದವರನ್ನು ಊರಾಚೆಯ ಶಿಬಿರಗಳಿಗೆ ಒಯ್ಯುತ್ತಿದ್ದರು. ಅವರ ಮನೆಗಳ ಹೆಂಚು ತೆಗೆದು ಬಿಸಿಲು ಬೀಳಿಸುತ್ತಿದ್ದರು, ಸಾಮಾನುಗಳನ್ನು ಸುಡುತ್ತಿದ್ದರು. ಪರೀಕ್ಷೆಗೊಳಗಾದವನಿಗೆ ಪ್ರತಿಯಾಗಿ ಸಿಗುತ್ತಿದ್ದುದೇನು? ಔಷಧವಿರಲಿಲ್ಲ. ಆಗಿನ ಕಾಲಕ್ಕೆ ಪ್ಲೇಗಿಗೆ ಮದ್ದೇ ಇರಲಿಲ್ಲ. ಶಿಬಿರಕ್ಕೆ ಹೋದವರು ಹಿಂದಿರುಗುವುದು ಅಪರೂಪವೆಂಬ ಸುದ್ದಿ ಮಾತ್ರ ಊರೂರಿಗೆ ಹಬ್ಬಿತು.

ಜನರು ರೋಗಿಗಳನ್ನು ಅಡಗಿಸಿದರು. ಅಟ್ಟದಲ್ಲಿ, ಹಿತ್ತಿಲಲ್ಲಿ, ಹೊಲದ ಗುಡಿಸಲಲ್ಲಿ. ಪರ್ದಾ ಪಾಲಿಸುವ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಗಂಡಸರು ಮುಟ್ಟಿ ನೋಡುವ ಕ್ರಮ ಸಹಿಸಲಸಾಧ್ಯವಾಗಿತ್ತು. 1898ರ ಮಾರ್ಚ್‌ನಲ್ಲಿ ಮುಂಬೈಯ ಮುಸ್ಲಿಮ್ ನೇಕಾರರ ಕೇರಿಯಲ್ಲಿ ಕಾಯಿಲೆಬಿದ್ದ ಬಾಲಕಿಯೊಬ್ಬಳ ತಪಾಸಣೆಗೆಂದು ಬಂದ ತಂಡವನ್ನು ಮನೆಯವರು ತಡೆದದ್ದೇ ದೊಡ್ಡ ಗಲಭೆಗೆ ಕಾರಣವಾಯಿತು. ಹಿಂದಿನ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಹತನಾಗಿದ್ದ. 1897ರಲ್ಲಿ ಮುಂಬೈ ಬಂದರಿನಿಂದ ಹಜ್ ಯಾತ್ರೆಯೂ ನಿಂತಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಅವಸರದಲ್ಲಿ ಹೊರಡಿಸಿದ ಸಾಂಕ್ರಾಮಿಕ ರೋಗಗಳ ಕಾಯ್ದೆ ಕೆಲವೇ ಸಾಲುಗಳದು. ಅಧಿಕಾರಿಗೆ ಏನೆಲ್ಲ ಮಾಡಬಹುದೆಂದು ಅದು ಹೇಳಿತು, ಪ್ರಜೆಗೆ ಏನು ಸಲ್ಲಬೇಕೆಂಬುದನ್ನು ಹೇಳಲಿಲ್ಲ. 2020ರಲ್ಲಿ ನಮ್ಮ ಸರ್ಕಾರಗಳು ಕಪಾಟಿನಿಂದ ತೆಗೆದು ಮೊದಲು ಜಾರಿ ಮಾಡಿದ್ದು ಇದೇ ಕಾಯ್ದೆಯನ್ನು ಎಂಬುದನ್ನು ಇಲ್ಲಿಯೇ ಹೇಳಿ ಮುಂದುವರಿಯುತ್ತೇನೆ.

ಮಲೆನಾಡಿನ ನಿಜವಾದ ಕಾಟ ಪ್ಲೇಗಲ್ಲ, ಚಳಿಜ್ವರ. ಸಕಲೇಶಪುರ ತಾಲೂಕಿನ ಹಳೆಯ ಹೆಸರು ಮಂಜರಾಬಾದ್. ಟಿಪ್ಪು ಸುಲ್ತಾನರು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ ಇಂದಿಗೂ ಅದೇ ಹೆಸರು. ಆ ಕಾಡುಗಳನ್ನು ಕಡಿದು ಕಾಫಿ ಬೆಳೆದ ಕಾಲದಿಂದಲೂ ಬಯಲುಸೀಮೆಯಿಂದ, ಕರಾವಳಿಯಿಂದ, ತಮಿಳುನಾಡಿನಿಂದ ಆಳುಗಳು ಬರುತ್ತಿದ್ದರು. ಬಂದವರಲ್ಲಿ ಅನೇಕರು ಜ್ವರ ಬಿದ್ದು ಹಣ್ಣಾಗುತ್ತಿದ್ದರು. ಮಲೆನಾಡಿಗೆ ಹೆಣ್ಣು ಕೊಡಲು ಬಯಲಿನವರು ಹಿಂಜರಿಯುತ್ತಿದ್ದರೆಂಬ ಮಾತು ನಮ್ಮ ಹಿರಿಯರ ಬಾಯಲ್ಲಿತ್ತು. ಗುಡ್ಡದ ತಿಳಿನೀರಿನ ತೊರೆಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಸೊಳ್ಳೆಯೇ ಇದಕ್ಕೆ ಕಾರಣವೆಂಬುದು ತಿಳಿದದ್ದು ತಡವಾಗಿ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಅದಕ್ಕೆ ಸ್ವಲ್ಪ ಮುಂಚೆ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿದ್ದರು.

ಮೈಸೂರು ಸಂಸ್ಥಾನ ಪ್ಲೇಗಿನ ಪಾಠವನ್ನು ಮರೆಯಲಿಲ್ಲವೆಂದೇ ತೋರುತ್ತದೆ. 1920ರ ದಶಕದ ಕೊನೆಯಲ್ಲಿ ಅದು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲೊಂದು ನಮ್ಮ ನೆರೆಯ ಮೂಡಿಗೆರೆಯಲ್ಲಿತ್ತು. ಇಲ್ಲಿಯೂ ಮೈಮುಟ್ಟಿ ನೋಡುವುದಿತ್ತು. ಮಕ್ಕಳ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಗುಲ್ಮ ಊದಿದೆಯೇ ಎಂದು ಎಣಿಸುವುದು ಆಗಿನ ಸಮೀಕ್ಷಾ ಕ್ರಮ. ಆದರೆ ಅದರ ಜೊತೆಗೆ ಹೊಸತೊಂದು ಬಂತು: ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಸಂಶಯಕ್ಕೆ ಬದಲು ಸಾಕ್ಷ್ಯ. ರೋಗ ಕಂಡರೆ ಕೊಡಲು ಕ್ವಿನೈನ್ ಇತ್ತು.

ಸ್ವಾತಂತ್ರ್ಯಾನಂತರ ಈ ಒಂದು ಹನಿ ರಕ್ತದ ಪರೀಕ್ಷೆಯನ್ನು ಸರ್ಕಾರ ಊಹಿಸಲಾಗದಷ್ಟು ವಿಸ್ತರಿಸಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಡಿಡಿಟಿ ಸಿಂಪಡಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಸಿಂಪಡಣೆಯ ಹಿಂದೆ ನಡೆದುಬರುತ್ತಿದ್ದ ಆರೋಗ್ಯ ಕಾರ್ಯಕರ್ತನನ್ನು ನೆನೆಯುವವರು ಕಡಿಮೆ. ಹದಿನೈದು ದಿನಕ್ಕೊಮ್ಮೆ ಮನೆಬಾಗಿಲಿಗೆ ಬಂದು ಯಾರಿಗಾದರೂ ಜ್ವರ ಬಂದಿತ್ತೇ ಎಂದು ವಿಚಾರಿಸುವುದು, ಬಂದಿದ್ದರೆ ಸ್ಲೈಡು ತೆಗೆದು ಅಲ್ಲಿಯೇ ಕ್ಲೋರೋಕ್ವಿನ್ ಮಾತ್ರೆ ನುಂಗಿಸುವುದು, ಭೇಟಿಯ ದಿನಾಂಕವನ್ನು ಗೋಡೆಯ ಮೇಲಿನ ಚೌಕದಲ್ಲಿ ಬರೆಯುವುದು ಅವನ ಕೆಲಸ. ಸ್ಲೈಡಿನಲ್ಲಿ ರೋಗಾಣು ಕಂಡರೆ ಪೂರ್ಣ ಚಿಕಿತ್ಸೆಯೊಂದಿಗೆ ಮತ್ತೆ ಬರುತ್ತಿದ್ದ. ಎಸ್ಟೇಟಿನ ಲೈನು ಮನೆಗಳಲ್ಲಿ ಆತ ‘ಮಲೇರಿಯಾದವರು’ ಎಂದೇ ಪರಿಚಿತ. ಜಾತಿ ಕೇಳುತ್ತಿರಲಿಲ್ಲ, ಊರು ಯಾವುದೆಂದು ಗದರುತ್ತಿರಲಿಲ್ಲ. ಜ್ವರ ಬಂದಿತ್ತೇ ಎಂಬುದಷ್ಟೇ ಪ್ರಶ್ನೆ. ಬೆರಳು ಚಾಚಿದವನ ಇನ್ನೊಂದು ಅಂಗೈಗೆ ಮಾತ್ರೆ ಬೀಳುತ್ತಿತ್ತು. ಪ್ಲೇಗಿನ ಕಾಲದ ತಪಾಸಣೆಗೂ ಇದಕ್ಕೂ ಇದ್ದ ವ್ಯತ್ಯಾಸವೆಲ್ಲ ಆ ಮಾತ್ರೆಯಲ್ಲಿದೆಯೆಂದು ನನಗನಿಸುತ್ತದೆ.

ಫಲಿತಾಂಶವೂ ಬಂತು. ಸ್ವಾತಂತ್ರ್ಯದ ವೇಳೆಗೆ ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಕಾಡುತ್ತಿತ್ತೆಂದು ಅಂದಾಜಿಸಲಾದ ಮಲೇರಿಯಾ, 1960ರ ದಶಕದ ನಡುವೆ ಸುಮಾರು ಒಂದು ಲಕ್ಷ ಪ್ರಕರಣಗಳಿಗೆ ಇಳಿಯಿತು. ರೋಗ ಹೋಯಿತೆಂದು ಭಾವಿಸಿದಾಗ ಗಮನವೂ ಹಣವೂ ಬೇರೆಡೆಗೆ ಹರಿದವು. ಮನೆಮನೆಯ ಭೇಟಿ ಸಡಿಲಾಯಿತು, ಸ್ಲೈಡುಗಳು ಪರೀಕ್ಷೆಯಾಗದೆ ವಾರಗಟ್ಟಲೆ ಉಳಿದವು, ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1976ರಲ್ಲಿ ದೇಶದಲ್ಲಿ ದಾಖಲಾದ ಪ್ರಕರಣಗಳು 64 ಲಕ್ಷ. ಕಾಯಿಲೆ ಕಾಣದಿರುವಾಗಲೂ ಅದನ್ನು ಹುಡುಕುವುದಕ್ಕೆ ಹಣ ಕೊಡುತ್ತಿರಬೇಕೆಂಬುದು ಯಾವ ಖಜಾನೆಗೂ ರುಚಿಸದ ಸಂಗತಿ.

ಇನ್ನು ವೈರಾಣುಗಳ ವಿಷಯ. ಗಾಜಿನ ಪಟ್ಟಿಯ ಮೇಲೆ ಅವು ಕಾಣುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಅದರ ಕಾರಣವನ್ನು ಪತ್ತೆಹಚ್ಚಿದ್ದು ಪುಣೆಯ ವೈರಾಣು ಸಂಶೋಧನಾ ಕೇಂದ್ರ. 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅರ್ಧ ಶತಮಾನ ಕಳೆದು 2009ರಲ್ಲಿ ಹಂದಿಜ್ವರವೆಂದು ಹೆಸರಾದ ಎಚ್1ಎನ್1 ಮಹಾಮಾರಿ ಬಂದಾಗಲೂ ದೇಶ ಪುಣೆಯ ಕಡೆಗೆ, ದೆಹಲಿಯ ಕಡೆಗೆ ನೋಡುತ್ತ ಕುಳಿತಿತ್ತು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆ ಭಾರವನ್ನು ಹೊತ್ತಿತು. ಜಿಲ್ಲೆಗಳ ರೋಗಿಗೆ ಫಲಿತಾಂಶ ಬರುವಷ್ಟರಲ್ಲಿ ಜ್ವರ ಬಿಟ್ಟಿರುತ್ತಿತ್ತು, ಇಲ್ಲವೇ ಜೀವ.

ಆ ಮುಖಭಂಗದಿಂದ ಹುಟ್ಟಿದ್ದು ಒಂದು ಯೋಜನೆ. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ 12ನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ದೇಶದಾದ್ಯಂತ ವೈರಾಣು ಸಂಶೋಧನೆ ಮತ್ತು ರೋಗಪತ್ತೆ ಪ್ರಯೋಗಾಲಯಗಳ ಜಾಲವನ್ನು ನೇಯಲು ಹೊರಟಿತು. ಪ್ರಾದೇಶಿಕ ಮಟ್ಟದಲ್ಲಿ 10, ರಾಜ್ಯ ಮಟ್ಟದಲ್ಲಿ 30, ವೈದ್ಯಕೀಯ ಕಾಲೇಜುಗಳ ಮಟ್ಟದಲ್ಲಿ 120 ಎಂಬುದು ಗುರಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಆದ್ಯತೆ ದೊರೆಯಿತು. 2006ರಲ್ಲಿ ಆರಂಭವಾಗಿದ್ದ ಹಾಸನದ ಸಂಸ್ಥೆ ಈ ಜಾಲದೊಳಕ್ಕೆ ಬಂದದ್ದು ಹೀಗೆ. ಯಾರೂ ಉತ್ಸವ ಮಾಡಲಿಲ್ಲ. ಡೆಂಗಿ, ಚಿಕೂನ್‌ಗುನ್ಯ, ಕಾಮಾಲೆಗಳ ಮಾದರಿ ನೋಡುತ್ತ ಕುಳಿತಿದ್ದ ಒಂದು ಕೊಠಡಿ, ಕೆಲವು ಯಂತ್ರಗಳು, ಅವನ್ನು ನಡೆಸಬಲ್ಲ ಕೆಲವೇ ಜನ. 2020ರ ಮಾರ್ಚ್‌ನಲ್ಲಿ ಘಟ್ಟ ಹತ್ತಿದ ತಂಪುಪೆಟ್ಟಿಗೆಗಳು ಹೋಗಿ ನಿಂತದ್ದು ಈ ಕೊಠಡಿಯ ಮುಂದೆ. ಅದು ಹಿಂದಿನ ಒಂದು ಮಹಾಮಾರಿಯ ಋಣ. ಆ ಋಣವನ್ನು ತೀರಿಸಿದ್ದು ಸರ್ಕಾರದ ಹಣ, ಅಂದರೆ ನಮ್ಮೆಲ್ಲರ ತೆರಿಗೆ.

ಆಮೇಲಿನ ವಿಸ್ತರಣೆ ಬಿರುಸಿನದು. 2020ರ ಜನವರಿಯಲ್ಲಿ ದೇಶಕ್ಕೊಂದೇ ಪ್ರಯೋಗಾಲಯ, ಪುಣೆಯದು. ಜುಲೈ 6ರ ಹೊತ್ತಿಗೆ ದೇಶದಲ್ಲಿ ಒಂದು ಕೋಟಿ ಪರೀಕ್ಷೆಗಳು ನಡೆದಿದ್ದವು. ಅಕ್ಟೋಬರ್ ವೇಳೆಗೆ ಕರ್ನಾಟಕವೊಂದೇ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಪರೀಕ್ಷೆ ಮಾಡುತ್ತಿತ್ತು. ಆರಂಭದಲ್ಲಿ ವಿದೇಶದಿಂದ ಬಂದವರಿಗೂ ಅವರ ಸಂಪರ್ಕಕ್ಕೆ ಬಂದವರಿಗೂ ಮಾತ್ರ ಇದ್ದ ಅವಕಾಶವನ್ನು ಮಾರ್ಚ್ 20ರಂದು ತೀವ್ರ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದವರಿಗೂ ವಿಸ್ತರಿಸಲಾಯಿತು. ಮರುದಿನ ಖಾಸಗಿ ಪ್ರಯೋಗಾಲಯಗಳಿಗೆ 4,500 ರೂಪಾಯಿಯ ಮಿತಿ ನಿಗದಿಯಾಯಿತು. ಕಾಫಿ ತೋಟದ ಕೂಲಿಯವನ ಮಟ್ಟಿಗೆ ಅದು ವಾರಗಳ ದುಡಿಮೆ. ಪರೀಕ್ಷೆ ಎಲ್ಲೆಡೆ ಉಚಿತವಾಗಿರಬೇಕೆಂದು ಏಪ್ರಿಲ್ 8ರಂದು ಹೇಳಿದ ಸುಪ್ರೀಂ ಕೋರ್ಟು, ಐದೇ ದಿನಗಳಲ್ಲಿ ಅದನ್ನು ಬಡವರಿಗೆ ಹಾಗೂ ಆಯುಷ್ಮಾನ್ ಭಾರತ್ ಫಲಾನುಭವಿಗಳಿಗೆ ಸೀಮಿತಗೊಳಿಸಿತು. ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಪ್ರಯೋಗಾಲಯದ ದರವನ್ನು 800 ರೂಪಾಯಿಗೆ ಇಳಿಸಿತು. ಒಂಬತ್ತು ತಿಂಗಳಲ್ಲಿ 4,500ರಿಂದ 800ಕ್ಕೆ ಇಳಿಯಬಲ್ಲ ದರ ಮೊದಲ ದಿನವೇ ಅಷ್ಟೊಂದು ಇದ್ದುದೇಕೆ ಎಂಬ ಪ್ರಶ್ನೆಯನ್ನು ಆಮದು, ಕೊರತೆ, ಬೇಡಿಕೆಗಳ ಲೆಕ್ಕದಿಂದ ಸ್ವಲ್ಪಮಟ್ಟಿಗೆ ಉತ್ತರಿಸಬಹುದು, ಪೂರ್ತಿಯಾಗಿ ಅಲ್ಲ.

ಹಾಸನ ಜಿಲ್ಲೆ ಪರರ ಮಾದರಿಗಳನ್ನು ಪರೀಕ್ಷಿಸುತ್ತ ತಾನು ಬಹುಕಾಲ ಹಸಿರು ವಲಯವಾಗಿಯೇ ಉಳಿದಿತ್ತು. ಮೇ 12ರಂದು ಮುಂಬೈಯಿಂದ ಮರಳಿದ್ದ ಐವರಲ್ಲಿ ಸೋಂಕು ಕಂಡಿತು. ಅವು ಜಿಲ್ಲೆಯ ಮೊದಲ ಪ್ರಕರಣಗಳು. ಹೊಟ್ಟೆಪಾಡಿಗೆಂದು ಮುಂಬೈ ಸೇರಿದ್ದವರು, ಅಲ್ಲಿ ಬದುಕು ಮುಚ್ಚಿಹೋದಾಗ ಊರಿಗೆ ಬಂದವರು. ಅವರನ್ನು ಊರೊಳಗೆ ಬಿಡುವ ಮುನ್ನ ಪ್ರತ್ಯೇಕವಿರಿಸಿ ಪರೀಕ್ಷಿಸಿದ್ದರಿಂದ ರೋಗವು ಆಗ ಹಳ್ಳಿಗಳಿಗೆ ಹರಡಲಿಲ್ಲ. ಪರೀಕ್ಷೆ ತನ್ನ ಕೆಲಸವನ್ನು ಮಾಡಿತ್ತು. ಆದರೆ ‘ಮುಂಬೈಯವರು’ ಎಂಬ ಮಾತು ಬೈಗುಳವಾಗಿಬಿಟ್ಟಿತು.

ಅಂಥದೇ ಬೈಗುಳವನ್ನು ನಮ್ಮ ಸಮುದಾಯ ಅದಕ್ಕೂ ಮುಂಚೆ ಕೇಳಿತ್ತು. ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ಸೇರಿದ್ದ ತಬ್ಲೀಗ್ ಜಮಾಅತಿನವರಲ್ಲಿ ಸೋಂಕು ಪತ್ತೆಯಾದ ಬಳಿಕ, ರೋಗಿಗಳ ಎಣಿಕೆಯಲ್ಲಿ ಒಂದು ಧರ್ಮದ ಹೆಸರು ಬೆರೆಯಿತು. ಯಾರನ್ನು ಹೆಚ್ಚು ಹುಡುಕಿ ಪರೀಕ್ಷಿಸುತ್ತೇವೆಯೋ ಅವರಲ್ಲಿ ರೋಗ ಹೆಚ್ಚು ಕಾಣುತ್ತದೆಂಬ ಸರಳ ಗಣಿತವನ್ನು ವಾಹಿನಿಗಳು ಮರೆತವು. ಹಣ್ಣು ಮಾರುವವನ ಹೆಸರು ಕೇಳುವ ಪರಿಪಾಠ ಪೇಟೆಗಳಲ್ಲಿ ಶುರುವಾಯಿತು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಜಮಾಅತಿನ ವಿದೇಶೀಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತೆ ತೋರುತ್ತದೆ ಎಂಬರ್ಥದ ಮಾತನ್ನಾಡಿತು. ಆ ತೀರ್ಪನ್ನು ಓದಿದವರು ಮೊದಲಿನ ಆರೋಪವನ್ನು ಕೇಳಿದವರ ನೂರನೇ ಒಂದು ಪಾಲೂ ಇರಲಾರರು.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಇದು ಚರಿತ್ರೆಯಾಗದು, ವಕಾಲತ್ತಾಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಹೆಗಡೆನಗರದ ಬಳಿಯ ಬಡಾವಣೆಯೊಂದರಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಸುತ್ತುವರಿದು ನಿಂದಿಸಲಾಯಿತು. ಅದೇ ತಿಂಗಳು ಪಾದರಾಯನಪುರದಲ್ಲಿ ಜನರನ್ನು ಪ್ರತ್ಯೇಕವಾಸಕ್ಕೆ ಕರೆದೊಯ್ಯಲು ಬಂದವರ ಮೇಲೆ ದಾಂಧಲೆ ನಡೆಯಿತು. ಪೌರತ್ವ ಕಾಯ್ದೆಯ ವಿರುದ್ಧದ ಧರಣಿಗಳು ಆಗಷ್ಟೇ ಮುಗಿದಿದ್ದವು. ಮನೆಮಂದಿಯ ಹೆಸರು, ಪ್ರಯಾಣದ ವಿವರಗಳನ್ನು ಬರೆದುಕೊಳ್ಳುವ ಕಾಗದ ಇನ್ನಾವುದೋ ಪಟ್ಟಿಗೆ ಸೇರುತ್ತದೆಂಬ ಅಂಜಿಕೆ ಅನೇಕರಲ್ಲಿತ್ತು. ಅಂಜಿಕೆಗೆ ಕಾರಣವಿತ್ತು. ಕೈ ಎತ್ತಿದ್ದಕ್ಕೆ ಕಾರಣವಿರಲಿಲ್ಲ. ಬಾಗಿಲಿಗೆ ಬಂದಿದ್ದವಳು ತಿಂಗಳಿಗೆ ಕೆಲವು ಸಾವಿರ ರೂಪಾಯಿಗಳ ಗೌರವಧನಕ್ಕೆ ದುಡಿಯುವ, ಎಷ್ಟೋ ಕಡೆ ಸರಿಯಾದ ಮುಖಗವಸೂ ಸಿಗದ ಹೆಣ್ಣುಮಗಳು. ಅದೇ ವರ್ಷ ಜುಲೈನಲ್ಲಿ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಮಾಸಿಕ ಗೌರವಧನ ಕೇಳಿ ಮುಷ್ಕರ ಹೂಡಿದರು. ಯಂತ್ರಕ್ಕೆ ಹಣ ಒದಗಿಸುವಷ್ಟು ಸುಲಭವಾಗಿ ಯಂತ್ರದವರೆಗೆ ಮಾದರಿಯನ್ನು ತಲುಪಿಸುವ ಕೈಗಳಿಗೆ ಹಣ ಒದಗಿಸಲು ಸರ್ಕಾರಗಳಿಗೆ ಮನಸ್ಸಾಗುವುದಿಲ್ಲ.

ಪರೀಕ್ಷೆ ಮಾಡಿಸಿಕೊಳ್ಳುವುದು ತವಕ್ಕುಲ್‌ಗೆ ವಿರುದ್ಧ, ಬರುವುದು ಬಂದೇ ಬರುತ್ತದೆ ಎಂಬ ಮಾತೂ ಆ ದಿನಗಳಲ್ಲಿ ಕೇಳಿಬಂತು. ಇಸ್ಲಾಮೀ ಚರಿತ್ರೆ ಇದನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಚರ್ಚಿಸಿ ಮುಗಿಸಿದೆ. ಶಾಮ್ ಪ್ರಾಂತಕ್ಕೆ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಸರ್ಗ್ ಎಂಬಲ್ಲಿ ಅಲ್ಲಿ ಪ್ಲೇಗು ಹಬ್ಬಿರುವ ಸುದ್ದಿ ತಲುಪಿತು. ಅವರು ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕೇಳಿದರು, ಅಭಿಪ್ರಾಯಗಳು ಒಡೆದವು. ಕುರೈಶರ ಹಿರಿಯರನ್ನು ಕೇಳಿದಾಗ ಹಿಂದಿರುಗುವುದೇ ಲೇಸೆಂದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರದ ಸಾರ. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಅದರಿಂದ ತಪ್ಪಿಸಿಕೊಳ್ಳಲು ಹೊರಗೆ ಓಡಬಾರದು ಎಂಬ ಪ್ರವಾದಿ(ಸ)ರ ಆದೇಶವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದ್ದು ಆ ಬಳಿಕ. ಅಮ್ವಾಸ್‌ನ ಆ ಪ್ಲೇಗಿನಲ್ಲಿ ಅಬೂ ಉಬೈದಾ(ರ), ಮುಆದ್ ಬಿನ್ ಜಬಲ್(ರ) ಮರಣ ಹೊಂದಿದರು. ಅವರ ನಂತರ ನಾಯಕತ್ವ ವಹಿಸಿದ ಅಮ್ರ್ ಬಿನ್ ಆಸ್(ರ) ಜನರನ್ನು ಗುಡ್ಡಗಳಿಗೆ ಚದುರಿಸಿದಾಗ ಪಿಡುಗು ಶಮನವಾಯಿತೆಂದು ಚರಿತ್ರಕಾರರು ಬರೆಯುತ್ತಾರೆ. ಹದಿನಾಲ್ಕನೆಯ ಶತಮಾನದ ಗ್ರನಾಡಾದಲ್ಲಿ, ಕಪ್ಪುಸಾವಿನ ಕಾಲದಲ್ಲಿ, ಇಬ್ನುಲ್ ಖತೀಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೋಗ ಒಬ್ಬರಿಂದೊಬ್ಬರಿಗೆ ಹರಡುವುದು ಅನುಭವದಿಂದ, ಇಂದ್ರಿಯಗಳ ಸಾಕ್ಷ್ಯದಿಂದ ಸಿದ್ಧವಾಗಿದೆ. ಕಣ್ಣೆದುರಿನ ಪುರಾವೆಗೆ ಹೊಂದುವಂತೆ ಪರಂಪರೆಯ ಮಾತನ್ನು ಅರ್ಥೈಸಬೇಕು ಎಂಬುದು ಅವರ ವಾದ. ಸಾಕ್ಷ್ಯಕ್ಕೆ ಬೆಲೆ ಕೊಟ್ಟ ಆ ವಿದ್ವಾಂಸರ ಕೈಯಲ್ಲಿ ಆಗ ಸೂಕ್ಷ್ಮದರ್ಶಕವೂ ಇರಲಿಲ್ಲ.

ಪರೀಕ್ಷೆ ಗಡಿಗೋಡೆಯಾದ ಕಥೆಯೂ ನಮ್ಮ ಹೆದ್ದಾರಿಯ ಆಚೆ ತುದಿಯಲ್ಲಿದೆ. ಮಂಗಳೂರು ದಾಟಿದರೆ ತಲಪಾಡಿ, ಅದರಾಚೆ ಕಾಸರಗೋಡು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಆ ಗಡಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಕೊನೆಯುಸಿರೆಳೆದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾಯಿತು. ದಿನವೂ ಮಂಗಳೂರಿಗೆ ಬಂದು ಹೋಗುವ ವಿದ್ಯಾರ್ಥಿ, ನರ್ಸು, ಮೀನು ವ್ಯಾಪಾರಿಗೆ ಅದು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವ ಶಿಕ್ಷೆ. ಇಲ್ಲಿ ಪರೀಕ್ಷೆಗೊಳಗಾದವರಿಗೆ ಪ್ರತಿಯಾಗಿ ಸಿಗುತ್ತಿದ್ದುದು ಮದ್ದಲ್ಲ, ದಾಟುವ ಚೀಟಿ. ಪ್ಲೇಗಿನ ಕಾಲದ ರೈಲು ನಿಲ್ದಾಣದ ಜಗಲಿಗೆ ಇದು ಹತ್ತಿರವೋ, ಮಲೇರಿಯಾದವರ ಭೇಟಿಗೆ ಹತ್ತಿರವೋ ಎಂಬುದನ್ನು ಹೇಳಬೇಕಾಗಿಲ್ಲ.

2021ರ ಎರಡನೆಯ ಅಲೆಯಲ್ಲಿ ಹಾಸನ ಪಾರಾಗಲಿಲ್ಲ. ಜೂನ್ 14ರಂದು ರಾಜ್ಯದ ಬಹುಭಾಗ ನಿರ್ಬಂಧಗಳಿಂದ ಹೊರಬಂದಾಗ, ಸೋಂಕಿನ ಪ್ರಮಾಣ ಇಳಿಯದ ಕಾರಣಕ್ಕೆ ಹಾಗೆಯೇ ಉಳಿದ 11 ಜಿಲ್ಲೆಗಳಲ್ಲಿ ಹಾಸನವೂ ಒಂದು. ಪ್ರಯೋಗಾಲಯ ಕೈಗೆಟುಕುವ ದೂರದಲ್ಲಿತ್ತು. ಆದರೂ ಜನ ಪರೀಕ್ಷೆಗೆ ಹಿಂಜರಿದರು. ನಮ್ಮ ಗುಡ್ಡಗಳಲ್ಲಿ ಅದರ ಕಾರಣ ಧಾರ್ಮಿಕವಾಗಿರಲಿಲ್ಲ. ತೋಟದಲ್ಲಿ ದಿನಗೂಲಿಗೆ ಹೋಗುವವರಿಗೆ ಪಾಸಿಟಿವ್ ಎಂಬ ಒಂದು ಪದದ ಬೆಲೆ ಎರಡು ವಾರಗಳ ಕೂಲಿ. ಒಬ್ಬನಿಗೆ ಬಂದರೆ ಇಡೀ ಲೈನಿಗೆ ದಿಗ್ಬಂಧನ. ಅಕ್ಕಪಕ್ಕದವರ ಕೂಲಿಯೂ ಹೋಯಿತು, ಶಾಪವೂ ತಗುಲಿತು. ಜ್ವರಕ್ಕೆ ಅಂಗಡಿಯಿಂದ ಮಾತ್ರೆ ತಂದು ನುಂಗಿ ಕೆಲಸಕ್ಕೆ ನಡೆದವರನ್ನು ಅಜ್ಞಾನಿಗಳೆಂದು ಕರೆಯುವುದು ಸುಲಭ. ಅವರು ಮಾಡಿದ್ದು ಲೆಕ್ಕಾಚಾರ. ಪರೀಕ್ಷೆಯನ್ನು ಉಚಿತಗೊಳಿಸಿದ ಸರ್ಕಾರ ಫಲಿತಾಂಶವನ್ನು ಉಚಿತಗೊಳಿಸಿರಲಿಲ್ಲ. ಮಲೇರಿಯಾದ ಸ್ಲೈಡು ಕೊಟ್ಟವನು ಮರುದಿನ ಕೆಲಸಕ್ಕೆ ಹೋಗಬಹುದಿತ್ತು.

ಪರೀಕ್ಷೆಯ ಈ ಮಹಾವಿಸ್ತರಣೆಗೆ ಇನ್ನೊಬ್ಬರು ತೆತ್ತ ಬೆಲೆಯ ವಿಷಯ ಉಳಿದಿದೆ. ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆಯಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವಿದೆ. ಬ್ಯಾಟರಿಯಿಂದಲೂ ನಡೆಯುವ ಇದು ಕರೆಂಟು ಕೈಕೊಡುವ ತಾಲೂಕುಗಳಿಗೆ ಹೇಳಿ ಮಾಡಿಸಿದಂಥದು. ಕ್ಷಯರೋಗದ ಪತ್ತೆಗೆ ಬಳಕೆಯಲ್ಲಿದ್ದ ಈ ಯಂತ್ರಗಳನ್ನು 2020ರ ಏಪ್ರಿಲ್‌ನಲ್ಲಿ ಕೋವಿಡ್ ಪರೀಕ್ಷೆಗೆ ಬಳಸಲು ಅನುಮತಿ ದೊರೆಯಿತು. ಜಿಲ್ಲಾ ಪ್ರಯೋಗಾಲಯದ ಮೇಲಿನ ಭಾರ ಇಳಿಯಿತು; ಗಂಟೆ ಎರಡು ಗಂಟೆಗಳಲ್ಲಿ ಫಲಿತಾಂಶ ಸಿಗತೊಡಗಿತು. ಆದರೆ ಅದೇ ಯಂತ್ರ, ಅದೇ ತಂತ್ರಜ್ಞ, ಅದೇ ಆಶಾ ಕಾರ್ಯಕರ್ತೆ ಕ್ಷಯರೋಗಿಯ ಕಫವನ್ನು ನೋಡಬೇಕಾಗಿದ್ದವರು. 2019ರಲ್ಲಿ ದೇಶದಲ್ಲಿ ದಾಖಲಾದ ಕ್ಷಯರೋಗಿಗಳು ಸುಮಾರು 24 ಲಕ್ಷ. 2020ರಲ್ಲಿ ಸುಮಾರು 18 ಲಕ್ಷ. ಒಂದು ವರ್ಷದಲ್ಲಿ ಆರು ಲಕ್ಷ ಜನರ ಕ್ಷಯ ವಾಸಿಯಾದದ್ದಲ್ಲ. ಅವರು ಕೆಮ್ಮುತ್ತಲೇ ಇದ್ದರು, ಮನೆಯ ಮಕ್ಕಳ ಪಕ್ಕದಲ್ಲಿ ಮಲಗುತ್ತಲೇ ಇದ್ದರು. ಆ ವರ್ಷ ಕೆಮ್ಮು ಕೇಳಿಸಿದರೆ ಜನ ದೂರ ಸರಿಯುತ್ತಿದ್ದುದರಿಂದ ಅವರಲ್ಲಿ ಬಹಳ ಮಂದಿ ಆಸ್ಪತ್ರೆಯ ಕಡೆಗೆ ತಲೆಹಾಕಲೇ ಇಲ್ಲ.